ವಿಚರ್ ಆಡುವ ಮೊದಲು ಒಂದು ಕಥಾಸಂಕಲನ

‘ನೇರವಾಗಿ ಮೂರನೇ ಭಾಗದಿಂದ ಶುರುಮಾಡು. ಮೊದಲ ಎರಡನ್ನು ಆಡದಿದ್ದರೂ ನಡೆಯುತ್ತದೆ. ಪುಸ್ತಕಗಳನ್ನಂತೂ ಓದಬೇಕಾಗಿಯೇ ಇಲ್ಲ.’ ವಿಚರ್ ಸರಣಿಯ ವಿಡಿಯೊ ಗೇಮ್‌ಗಳನ್ನು ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದವರಿಗೆ ಬಹುತೇಕ ಸಿಗುವ ಉತ್ತರ ಇದು. ಹೇಳುವವರ ಉದ್ದೇಶ ಒಳ್ಳೆಯದೇ. 2015ರ ಮೇ 19ರಂದು ಬಂದ ‘ದಿ ವಿಚರ್ 3: ವೈಲ್ಡ್ ಹಂಟ್’ 5 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಆಟ. ಅದನ್ನು ಮೆಚ್ಚಿದವರಿಗೆ ಹೊಸಬರು ಹಳೆಯ ಆಟಗಳ ಒರಟುತನಕ್ಕೆ ಹೆದರಿ ಓಡಿಹೋಗಬಾರದು ಎಂಬ ಕಾಳಜಿ ಇರುತ್ತದೆ. ಆಫೀಸು, ಲೋಕಲ್ ಟ್ರೈನು, ಮಕ್ಕಳ ಹೋಂವರ್ಕು ಎಲ್ಲ ಮುಗಿದು ರಾತ್ರಿ ಹತ್ತರ ಮೇಲೆ ಒಂದೂವರೆ ಗಂಟೆ ಸಿಕ್ಕರೆ ಪುಣ್ಯ ಎನ್ನುವವರಿಗೆ ‘ಮೊದಲು ಇದನ್ನು ಓದಿ, ಆಮೇಲೆ ಅದನ್ನು ಆಡಿ’ ಎಂದು ಪಠ್ಯಕ್ರಮ ಕೊಡುವುದು ಯಾರಿಗೂ ಇಷ್ಟದ ಕೆಲಸವಲ್ಲ.

ಆದರೂ ಆ ಸಲಹೆಯ ಮೊದಲ ಎರಡು ವಾಕ್ಯಗಳನ್ನು ಒಪ್ಪಬಹುದು, ಮೂರನೆಯದನ್ನು ಒಪ್ಪಲಾಗದು. ವಿಚರ್ ಆಟಗಳು ಪುಸ್ತಕಗಳ ‘ರೂಪಾಂತರ’ ಅಲ್ಲ. ಕಾದಂಬರಿಯನ್ನು ಸಿನಿಮಾ ಮಾಡಿದಂತೆ ಇಲ್ಲಿ ಯಾರೂ ಪುಸ್ತಕವನ್ನು ಆಟ ಮಾಡಿಲ್ಲ. ಕೊನೆಯ ಕಾದಂಬರಿ ಮುಗಿದ ಮೇಲೆ ಏನಾಯಿತು ಎಂದು ಹೇಳಲು ಹೊರಟ ಕಥೆ ಅದು. ಅಂದರೆ ಮೂರನೇ ಆಟದಿಂದ ಶುರುಮಾಡುವವರು ಮೂರನೆಯದರಿಂದ ಶುರುಮಾಡುತ್ತಿಲ್ಲ. ಎರಡು ಕಥಾಸಂಕಲನ, ಐದು ಕಾದಂಬರಿ, ಎರಡು ಆಟ, ಒಟ್ಟು ಒಂಬತ್ತು ಮೆಟ್ಟಿಲು ಹಾರಿ ಹತ್ತನೆಯದರ ಮೇಲೆ ಕಾಲಿಡುತ್ತಿದ್ದಾರೆ.

ಮೊದಲ ಮೆಟ್ಟಿಲು ಇರುವುದು 1986ರಲ್ಲಿ. ಪೋಲೆಂಡ್ ಇನ್ನೂ ಕಮ್ಯುನಿಸ್ಟ್ ಆಡಳಿತದಲ್ಲಿತ್ತು. ಲೋಡ್ಜ್ ನಗರದ ಆಂಜೆಯ್ ಸಪ್ಕೋವ್ಸ್ಕಿ ವಿದೇಶಿ ವ್ಯಾಪಾರದ ಉದ್ಯೋಗದಲ್ಲಿದ್ದರು, ಮಾರುತ್ತಿದ್ದುದು ತುಪ್ಪಳದ ಉಡುಪು. ‘ಫಂಟಾಸ್ಟಿಕಾ’ ಎಂಬ ಪತ್ರಿಕೆಯ ಕಥಾಸ್ಪರ್ಧೆಗೆ ಒಂದು ಕಥೆ ಕಳಿಸಿದರು. ಬಂದದ್ದು ಮೂರನೇ ಬಹುಮಾನ. ಕಥೆಯ ಹೆಸರು ‘ವ್ಯೆಜ್‌ಮಿನ್’, ಮಾಟಗಾತಿ ಎಂಬರ್ಥದ ಪೋಲಿಷ್ ಪದಕ್ಕೆ ಗಂಡು ರೂಪ ಕೊಟ್ಟು ಕಟ್ಟಿದ ಹೆಸರು. ಇಂಗ್ಲಿಷಿನಲ್ಲಿ ಅದೇ ಮುಂದೆ ‘ವಿಚರ್’ ಆಯಿತು. ನಾಯಕ ಗೆರಾಲ್ಟ್, ಬಿಳಿಕೂದಲಿನವನು. ಚಿಕ್ಕಂದಿನಲ್ಲೇ ಮದ್ದು, ಮಂತ್ರಗಳಿಂದ ಮೈಯನ್ನೇ ಬದಲಿಸಿ, ಕೂಲಿಗೆ ಪಿಶಾಚಿ ಕೊಲ್ಲುವುದಕ್ಕೆಂದೇ ತಯಾರು ಮಾಡಲಾದವನು. ಊರಿನವರಿಗೆ ಅವನು ಬೇಕು, ಆದರೆ ಕೆಲಸ ಮುಗಿದ ಮೇಲೆ ಊರಲ್ಲಿ ಒಂದು ರಾತ್ರಿಯೂ ಉಳಿಯಕೂಡದು. ಸಂಭಾವನೆಯಲ್ಲೂ ಚೌಕಾಸಿ. ಈ ಸ್ಥಿತಿಯನ್ನು ವಿವರಿಸಲು ಭಾರತದ ಓದುಗನಿಗೆ ಅಡಿಟಿಪ್ಪಣಿ ಬೇಕಿಲ್ಲ.

ಆ ಮೊದಲ ಕಥೆ ಒಂದು ಪೋಲಿಷ್ ಜನಪದ ಕಥೆಯ ಮರುಹೇಳಿಕೆ. ರಾಜ ಫೋಲ್ಟೆಸ್ಟ್ ತನ್ನ ತಂಗಿಯಿಂದಲೇ ಪಡೆದ ಮಗಳು ಸತ್ತು ಹುಟ್ಟಿ, ಪಿಶಾಚಿಯಾಗಿ ಗೋರಿಯಿಂದೆದ್ದು ಜನರನ್ನು ತಿನ್ನುತ್ತಾಳೆ. ಅವಳನ್ನು ಕೊಲ್ಲದೆ ಶಾಪ ಬಿಡಿಸಬೇಕಾದರೆ ಕೋಳಿ ಕೂಗುವ ತನಕ ಅವಳು ತನ್ನ ಗೋರಿಗೆ ಮರಳದಂತೆ ತಡೆಯಬೇಕು. ಅಜ್ಜಿಕಥೆಯಲ್ಲಿ ಇದೊಂದು ಸಾಹಸ. ಸಪ್ಕೋವ್ಸ್ಕಿ ಕೈಯಲ್ಲಿ ಇದು ರಾಜನ ಲಜ್ಜೆಯ ಕಥೆ, ಆಸ್ಥಾನದವರ ಲೆಕ್ಕಾಚಾರದ ಕಥೆ, ಕಡೆಗೆ ಪಿಶಾಚಿ ಯಾರು ಎಂಬ ಪ್ರಶ್ನೆಯ ಕಥೆ. ‘ದಿ ಲಾಸ್ಟ್ ವಿಶ್’ ಸಂಕಲನದ ಆರು ಕಥೆಗಳಲ್ಲಿ ಇದೇ ಚಾಳಿ ಮುಂದುವರಿಯುತ್ತದೆ. ಸ್ನೋ ವೈಟ್ ಇಲ್ಲಿ ಏಳು ಜನ ದರೋಡೆಕೋರರ ನಾಯಕಿ, ಅವಳನ್ನು ಆ ಸ್ಥಿತಿಗೆ ತಂದವನು ಶಾಸ್ತ್ರ ಓದಿದ ಒಬ್ಬ ಮಾಂತ್ರಿಕ. ಗಿರೀಶ ಕಾರ್ನಾಡರು ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ‘ನಾಗಮಂಡಲ’ ಮಾಡಿದ್ದು ಗೊತ್ತಿರುವವರಿಗೆ ಈ ಕಸುಬು ಹೊಸದಲ್ಲ. ಗೊತ್ತಿರುವ ಕಥೆಯನ್ನೇ ತೆಗೆದುಕೊಂಡು, ಅದರಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಕೇಳುವುದು.

1990ರ ದಶಕ ಮುಗಿಯುವಷ್ಟರಲ್ಲಿ ಎರಡು ಸಂಕಲನ, ಐದು ಕಾದಂಬರಿಗಳಲ್ಲಿ ಗೆರಾಲ್ಟನ ಕಥೆ ಪೂರ್ತಿಯಾಯಿತು. ಪೋಲೆಂಡಿನಲ್ಲಿ ಓದುವ ಹವ್ಯಾಸದ ಹುಡುಗರಿಗೆಲ್ಲ ಅವನು ಮನೆಯವನಷ್ಟು ಪರಿಚಿತ. ಮಾಂತ್ರಿಕಳಾದ ಯೆನ್ನೆಫರ್ ಜೊತೆ ಅವನ ಪ್ರೇಮ ಮತ್ತು ಜಗಳ, ವಿಧಿ ಅವನ ಪಾಲಿಗೆ ಕಟ್ಟಿದ ಹುಡುಗಿ ಸಿರಿ, ಎಲ್ಲವೂ ಬಾಯಿಪಾಠ. (ಸಿರಿ ಎಂಬ ಹೆಸರು ಕನ್ನಡ ಲಿಪಿಯಲ್ಲಿ ಬರೆದ ಕೂಡಲೇ ಪಕ್ಕದ ಮನೆಯ ಹುಡುಗಿಯಂತೆ ಕಾಣುವುದು ಕೇವಲ ಕಾಕತಾಳೀಯ.)

ಆಟ ಮಾಡಿದ ಸಿಡಿ ಪ್ರೊಜೆಕ್ಟ್ ಕಂಪನಿ ಹುಟ್ಟಿದ್ದು 1994ರಲ್ಲಿ. ಅದು ಮೊದಲು ಆಟ ತಯಾರಿಸುತ್ತಲೇ ಇರಲಿಲ್ಲ. ಹೊರದೇಶದ ಆಟಗಳನ್ನು ತಂದು ಮಾರುತ್ತಿತ್ತು. ಕಳ್ಳಪ್ರತಿಗಳು ಸಂತೆಯಲ್ಲಿ ಪುಡಿಗಾಸಿಗೆ ಸಿಗುತ್ತಿದ್ದ ಕಾಲ. ಅಸಲಿ ಪ್ರತಿಗೆ ಹೆಚ್ಚು ದುಡ್ಡು ಕೊಡುವಂತೆ ಜನರನ್ನು ಒಪ್ಪಿಸಲು ಅವರು ಕಂಡುಕೊಂಡ ದಾರಿ ಭಾಷೆ. 1999ರಲ್ಲಿ ‘ಬಾಲ್ಡರ್ಸ್ ಗೇಟ್’ ಎಂಬ ಭಾರೀ ಗಾತ್ರದ ಆಟವನ್ನು ಪೂರ್ತಿ ಪೋಲಿಷ್‌ಗೆ ತಂದರು. ನಾಡಿನ ಹೆಸರಾಂತ ನಟರಿಂದ ಸಂಭಾಷಣೆ ಹೇಳಿಸಿದರು, ಪೆಟ್ಟಿಗೆಯೊಳಗೆ ನಕಾಶೆ ಮುಂತಾದವನ್ನು ಇಟ್ಟರು. ಅದು ಗೆದ್ದಿತು. ಡಬ್ಬಿಂಗ್ ಬೇಕೆ ಬೇಡವೆ ಎಂದು ದಶಕಗಟ್ಟಲೆ ಜಗಳವಾಡಿದ ಕನ್ನಡಿಗರು ಈ ಒಂದು ಪ್ರಸಂಗವನ್ನು ನಿಧಾನವಾಗಿ ನೋಡಬೇಕು: ಹೊರಗಿನ ಆಟಗಳಿಗೆ ಪೋಲಿಷ್ ಮಾತು ಕಲಿಸಿದ ಕಂಪನಿಯೇ ಕೆಲವೇ ವರ್ಷಗಳಲ್ಲಿ ಪೋಲಿಷ್ ಕಥೆಗೆ ಜಗತ್ತಿನ ಮಾತು ಕಲಿಸಲು ಹೊರಟಿತು. ಮೂರನೇ ವಿಚರ್ ಇಂದು ಅರೇಬಿಕ್, ಕೊರಿಯನ್, ಟರ್ಕಿಷ್, ಹಂಗೇರಿಯನ್ ಬಲ್ಲವರಿಗೆ ಅವರವರ ಭಾಷೆಯಲ್ಲಿ ಓದಲು ಸಿಗುತ್ತದೆ. ಭಾರತದ ಒಂದು ಭಾಷೆಯೂ ಆ ಪಟ್ಟಿಯಲ್ಲಿಲ್ಲ.

2007ರ ಅಕ್ಟೋಬರಿನಲ್ಲಿ ಮೊದಲ ಆಟ ಬಂತು. ಆರಂಭದ ದೃಶ್ಯಚಿತ್ರದಲ್ಲಿ ಇರುವುದು 1986ರ ಕಥೆಯ ಅದೇ ರಾತ್ರಿ, ಅದೇ ಗೋರಿ. ಪೋಲಿಷ್ ಓದುಗರಿಗೆ ಅದೊಂದು ನಮಸ್ಕಾರ. ಪುಸ್ತಕ ಓದದವರಿಗೆ ಆಟ ಇನ್ನೊಂದು ಉಪಾಯ ಮಾಡಿತು: ಗೆರಾಲ್ಟ್ ನೆನಪು ಕಳೆದುಕೊಂಡಿದ್ದಾನೆ. ಅವನಿಗೂ ಯಾರ ಗುರುತೂ ಇಲ್ಲ, ಆಡುವವನಿಗೂ ಇಲ್ಲ. ಜಾಣ ಉಪಾಯ ಹೌದು. ಆದರೆ ಮರೆವು ನಾಟಕವಾಗಬೇಕಾದರೆ ನೋಡುವವರಿಗಾದರೂ ನೆನಪಿರಬೇಕು. ಶಾಕುಂತಲದಲ್ಲಿ ಮರೆತವನು ದುಷ್ಯಂತ ಮಾತ್ರ. ಪ್ರೇಕ್ಷಕರೂ ಮರೆತಿದ್ದರೆ ಆ ಐದನೇ ಅಂಕದಲ್ಲಿ ಏನು ಉಳಿಯುತ್ತಿತ್ತು?

ಪೋಲೆಂಡಿನ ಆಟಗಾರರಿಗೆ ನೆನಪಿತ್ತು. ಉಳಿದ ಜಗತ್ತಿಗೆ ಇರಲಿಲ್ಲ, ಅದು ಅವರ ತಪ್ಪೂ ಅಲ್ಲ. ‘ದಿ ಲಾಸ್ಟ್ ವಿಶ್’ ಇಂಗ್ಲಿಷಿಗೆ ಬಂದದ್ದೇ 2007ರಲ್ಲಿ. ಮರುವರ್ಷ ‘ಬ್ಲಡ್ ಆಫ್ ಎಲ್ವ್ಸ್’ ಕಾದಂಬರಿ ಬಂತು. ನಡುವೆ ಬರಬೇಕಿದ್ದ ಎರಡನೇ ಸಂಕಲನ ‘ಸ್ವೋರ್ಡ್ ಆಫ್ ಡೆಸ್ಟಿನಿ’ಯನ್ನು ಬಿಟ್ಟೇಬಿಟ್ಟರು, ಗೆರಾಲ್ಟ್ ಮತ್ತು ಸಿರಿ ಮೊದಲು ಭೇಟಿಯಾಗುವುದು ಅದರಲ್ಲೇ. ಆ ಸಂಕಲನ ಇಂಗ್ಲಿಷ್ ಓದುಗರ ಕೈಗೆ ಸಿಕ್ಕಿದ್ದು 2015ರಲ್ಲಿ, ಮೂರನೇ ಆಟ ಬಂದ ಅದೇ ವರ್ಷ. ಕೊನೆಯ ಎರಡು ಕಾದಂಬರಿಗಳ ಅನುವಾದ ಬಂದದ್ದು 2016 ಮತ್ತು 2017ರಲ್ಲಿ. ಅಂದರೆ 2015ರಲ್ಲಿ ಕೋಟ್ಯಂತರ ಜನ ಆಡಿದ್ದು ಒಂದು ಕಥೆಯ ಉಪಸಂಹಾರ, ಆ ಕಥೆಯ ಅಂತ್ಯ ಅವರು ಓದಬಲ್ಲ ಇಂಗ್ಲಿಷಿನಲ್ಲಿ ಇನ್ನೂ ಅಚ್ಚಾಗಿರಲಿಲ್ಲ.

‘ಪುಸ್ತಕ ಓದಬೇಕಾಗಿಲ್ಲ’ ಎಂಬ ಸಲಹೆ ಹುಟ್ಟಿದ್ದು ಈ ಕಾಲದಲ್ಲಿ. ಆಗ ಅದು ಸಲಹೆಯಾಗಿರಲಿಲ್ಲ, ಸಮಾಧಾನವಾಗಿತ್ತು. ಇಲ್ಲದ ಪುಸ್ತಕವನ್ನು ಓದು ಎನ್ನುವುದು ಹೇಗೆ? ಈಗ ಎಲ್ಲವೂ ಇವೆ. ಹೈದರಾಬಾದಿನ ಪುಸ್ತಕದಂಗಡಿಯಲ್ಲಾದರೂ ಕಿಂಡಲ್‌ನಲ್ಲಾದರೂ ಸಿಗುತ್ತವೆ. ಕಾರಣ ಹೋಗಿದೆ, ಸಲಹೆ ಮಾತ್ರ ಉಳಿದಿದೆ.

ಓದದೆ ಆಡಿದರೆ ಏನು ಕಳೆದುಹೋಗುತ್ತದೆ ಎಂಬುದಕ್ಕೆ ಆಟದೊಳಗಿನ ಒಂದೇ ಪ್ರಸಂಗ ಸಾಕು. ಇಲ್ಲಿಂದ ಎರಡು ಪ್ಯಾರಾ ಗುಟ್ಟು ಬಿಟ್ಟುಕೊಡುತ್ತವೆ, ಬೇಡದವರು ದಾಟಿ ಮುಂದೆ ಹೋಗಬಹುದು. ‘ದಿ ಲಾಸ್ಟ್ ವಿಶ್’ ಹೆಸರಿನ ಕಥೆಯಲ್ಲಿ ಗೆರಾಲ್ಟ್ ಮೀನು ಹಿಡಿಯಲು ಹೋಗಿ ಒಂದು ಹೂಜಿಯನ್ನು ಮೇಲೆಳೆಯುತ್ತಾನೆ, ಒಳಗಿನಿಂದ ಜಿನ್ ಹೊರಬರುತ್ತದೆ. ಗೆಳೆಯನಿಗೆ ಗಾಯವಾಗುತ್ತದೆ, ಚಿಕಿತ್ಸೆಗೆಂದು ಹೋದಾಗ ಯೆನ್ನೆಫರ್ ಸಿಗುತ್ತಾಳೆ. ಅವಳು ಆ ಜಿನ್ನನ್ನು ವಶಪಡಿಸಿಕೊಳ್ಳಲು ಹೋಗಿ ಸಾವಿನ ಅಂಚಿಗೆ ಬರುತ್ತಾಳೆ. ಗೆರಾಲ್ಟನ ಬಳಿ ಒಂದು ವರ ಉಳಿದಿದೆ. ಅವನು ತನ್ನ ವಿಧಿಯನ್ನು ಅವಳ ವಿಧಿಗೆ ಗಂಟು ಹಾಕುವಂಥದ್ದೇನನ್ನೋ ಬೇಡುತ್ತಾನೆ. ಬೇಡಿದ್ದೇನು ಎಂಬ ಮಾತನ್ನು ಲೇಖಕ ಓದುಗನಿಗೆ ಹೇಳುವುದೇ ಇಲ್ಲ. ಮುಂದಿನ ಸಾವಿರಾರು ಪುಟಗಳಲ್ಲಿ ಈ ಇಬ್ಬರೂ ಸೇರುತ್ತಾರೆ, ಕಿತ್ತಾಡುತ್ತಾರೆ, ಬೇರೆಯಾಗುತ್ತಾರೆ, ಮತ್ತೆ ಸೇರುತ್ತಾರೆ. ಒಂದು ಅನುಮಾನ ಮಾತ್ರ ಹಾಗೇ ಇರುತ್ತದೆ: ಇದು ಪ್ರೀತಿಯೋ, ಜಿನ್ ಕಟ್ಟಿದ ಗಂಟೋ?

ಮೂರನೇ ಆಟದಲ್ಲಿ, ಸ್ಕೆಲ್ಲಿಗೆ ಎಂಬ ದ್ವೀಪಗಳ ನಡುವೆ, ಅದೇ ಹೆಸರಿನ ಒಂದು ಉಪಕಥೆ ಇದೆ. ಯೆನ್ನೆಫರ್ ಇನ್ನೊಂದು ಜಿನ್ ಹುಡುಕುತ್ತಾಳೆ. ಎರಡು ತುಂಡಾದ ಹಡಗಿನ ಅರ್ಧ ಸಮುದ್ರದ ತಳದಲ್ಲಿದೆ, ಇನ್ನರ್ಧ ಬೆಟ್ಟದ ನೆತ್ತಿಯ ಮೇಲೆ ಹಿಮದಲ್ಲಿ ಕೂತಿದೆ. ಅಲ್ಲಿ ಅವಳು ಕೇಳುವುದು ಐಶ್ವರ್ಯವನ್ನಲ್ಲ. ಹಳೆಯ ವರವನ್ನು ಅಳಿಸು ಎನ್ನುತ್ತಾಳೆ. ಗಂಟು ಬಿಚ್ಚಿದ ಮೇಲೂ ಏನಾದರೂ ಉಳಿಯುತ್ತದೆಯೇ ನೋಡಬೇಕು. ವರ ಅಳಿಯುತ್ತದೆ. ಇಬ್ಬರೂ ಆ ಮುರುಕು ಹಡಗಿನ ಅಂಚಿನಲ್ಲಿ ಕೂರುತ್ತಾರೆ, ಉತ್ತರ ಆಡುವವನ ಬೆರಳ ತುದಿಯಲ್ಲಿರುತ್ತದೆ. ಪುಸ್ತಕ ಓದಿ ಬಂದವನಿಗೆ ಇಪ್ಪತ್ತು ವರ್ಷದ ಹಿಂದಿನ ಕಥೆಯೊಂದು ಅಲ್ಲಿ ಕೊನೆಗೊಳ್ಳುತ್ತದೆ, ಕೈ ಕ್ಷಣಕಾಲ ನಿಲ್ಲುತ್ತದೆ. ಓದದವನಿಗೆ ಅದು ಒಳ್ಳೆಯ ನೋಟವಿರುವ ಒಂದು ಉಪಕಥೆ. ಅಷ್ಟೇ ಅಲ್ಲ, ಮೊದಲ ಆಟದಲ್ಲಿ ಯೆನ್ನೆಫರ್ ಇರಲೇ ಇಲ್ಲ. ನೆನಪಿಲ್ಲದ ಗೆರಾಲ್ಟನ ಪಕ್ಕದಲ್ಲಿ ಇದ್ದವಳು ಟ್ರಿಸ್. ಹಾಗಾಗಿ ಬರೀ ಆಟಗಳಿಂದ ಬಂದವರಿಗೆ ಟ್ರಿಸ್ ಹಳೆಯ ಸಂಗಾತಿ, ಯೆನ್ನೆಫರ್ ಎಲ್ಲಿಂದಲೋ ಬಂದು ದರ್ಪ ತೋರುವ ಹೆಂಗಸು. ಓದಿದವರಿಗೆ ನೆನಪಾಗುವುದೇ ಬೇರೆ: ಟ್ರಿಸ್‌ಗೆ ಯೆನ್ನೆಫರ್ ಗೊತ್ತಿದ್ದಳು, ಆದರೂ ನೆನಪಿಲ್ಲದವನಿಗೆ ಅವಳ ಹೆಸರು ಹೇಳಲಿಲ್ಲ. ಯಾರನ್ನು ಆರಿಸಿಕೊಳ್ಳಬೇಕು ಎಂಬ ಜಗಳ ಆಟಗಾರರ ನಡುವೆ ಹತ್ತು ವರ್ಷದಿಂದ ನಡೆದಿದೆ. ನಿಜದಲ್ಲಿ ಅದು ಇಬ್ಬರು ಹೆಂಗಸರ ಪರ ವಾದವೇ ಅಲ್ಲ, ಓದಿದವರಿಗೂ ಓದದವರಿಗೂ ನಡುವಿನ ಜಗಳ. ಇಬ್ಬರಿಗೂ ಒಪ್ಪಿಗೆ ಹೇಳಿ ಪಾರಾಗಲು ನೋಡುವ ಜಾಣರಿಗೆ ಆಟ ತಕ್ಕ ಶಾಸ್ತಿಯನ್ನೂ ಇಟ್ಟಿದೆ.

ಸಿರಿಯ ವಿಷಯದಲ್ಲೂ ಹೀಗೆಯೇ. ಮೂರನೇ ಆಟದ ಬೆನ್ನೆಲುಬು ಗೆರಾಲ್ಟ್ ಅವಳನ್ನು ಹುಡುಕುವುದು. ಅವಳು ಸಿಕ್ಕ ಮೇಲೆ ಅಪ್ಪನಂತಿರುವ ಅವನು ಅವಳನ್ನು ಎಷ್ಟು ಹಿಡಿದಿಡುತ್ತಾನೆ, ಎಷ್ಟು ಬಿಡುತ್ತಾನೆ ಎಂಬ ಸಣ್ಣಪುಟ್ಟ ನಿರ್ಧಾರಗಳ ಮೇಲೆ ಅಂತ್ಯ ನಿಂತಿದೆ. ಆಟ ಎಚ್ಚರಿಸುವುದೂ ಇಲ್ಲ. ಎಲ್ಲ ಕಡೆ ಅವಳನ್ನು ಕಾಪಾಡಲು ಹೋಗುವವನು ಅವಳನ್ನು ಕಳೆದುಕೊಳ್ಳುವ ಸಾಧ್ಯತೆಯೇ ಹೆಚ್ಚು. ಐದು ಕಾದಂಬರಿಗಳ ಉದ್ದಕ್ಕೂ ರಾಜರು, ಮಾಂತ್ರಿಕರು, ಸಾಮ್ರಾಟರು ಈ ಹುಡುಗಿಯನ್ನು ಆಕೆಯ ರಕ್ತದ ಸಲುವಾಗಿ ಹೇಗೆ ಬೆನ್ನಟ್ಟಿದರು ಎಂದು ಬಲ್ಲವನಿಗೆ ಅವಳನ್ನು ಒಂದು ಕೋಣೆಯೊಳಗೆ ಒಬ್ಬಳೇ ಕಳಿಸುವುದು ಎಷ್ಟು ದೊಡ್ಡ ಮಾತು ಎಂದು ತಿಳಿಯುತ್ತದೆ.

ಇದಕ್ಕೆ ಎದುರು ವಾದ ಇದೆ, ಗಟ್ಟಿಯಾದದ್ದೇ ಇದೆ. ಮೂರನೇ ಆಟದ ಅತ್ಯುತ್ತಮ ಭಾಗ ಯಾವುದು ಎಂದರೆ ಹೆಚ್ಚಿನವರು ಹೇಳುವುದು ವೆಲೆನ್ ಪ್ರಾಂತದ ‘ಬ್ಲಡಿ ಬ್ಯಾರನ್’ ಕಥೆ. ಯುದ್ಧದಿಂದ ಹಾಳಾದ ಜೌಗು ನಾಡು, ಹೆಂಡತಿ ಮಗಳು ಕಾಣೆಯಾದ ಒಬ್ಬ ಕುಡುಕ ದಂಡನಾಯಕ. ಅವನು ಹೆಂಡತಿಯನ್ನು ಹೊಡೆಯುತ್ತಿದ್ದ. ಹೊಡೆತಕ್ಕೆ ಇಳಿದುಹೋದ ಗರ್ಭ ಹೆಸರಿಲ್ಲದೆ ಮಣ್ಣಾಗಿ, ಪಿಶಾಚಿಯಾಗಿ ಎದ್ದುಬರುತ್ತದೆ. ಅಪ್ಪ ಅದನ್ನು ತೋಳಲ್ಲೆತ್ತಿ ತಂದು, ಹೆಸರಿಟ್ಟು, ಹೊಸ್ತಿಲಲ್ಲಿ ಹೂಳಬೇಕು. ಆ ಮನುಷ್ಯನನ್ನು ಕ್ಷಮಿಸಲೂ ಆಗದು, ಅವನ ಪಕ್ಕದಲ್ಲಿ ನಡೆಯದೆ ಇರಲೂ ಆಗದು. ಈ ಕಥೆಯನ್ನು ಸಪ್ಕೋವ್ಸ್ಕಿ ಬರೆದದ್ದಲ್ಲ, ಆಟದ ಬರಹಗಾರರದ್ದು. ಇದಕ್ಕೆ ಯಾವ ಪುಸ್ತಕದ ಓದೂ ಬೇಡ. ಪಿತೃಗಳಿಗೆ ಎಡೆಯಿಡುವ ಪೋಲಿಷ್ ಆಚರಣೆಯನ್ನು ಆಧರಿಸಿದ ಉಪಕಥೆ ಇದೆ, ಸೈತಾನನಿಗೆ ಆತ್ಮ ಮಾರಿದ ಪಾನ್ ತ್ವಾರ್ದೊವ್ಸ್ಕಿಯ ಐತಿಹ್ಯದಿಂದ ಎತ್ತಿಕೊಂಡು ಕಟ್ಟಿದ ‘ಹಾರ್ಟ್ಸ್ ಆಫ್ ಸ್ಟೋನ್’ ಇದೆ. ಇವೆಲ್ಲ ಸ್ವತಂತ್ರವಾಗಿ ನಿಲ್ಲುತ್ತವೆ.

ನಿಲ್ಲುತ್ತವೆ, ನಿಜ. ಆದರೆ ಬ್ಯಾರನ್ ಕಥೆ ಬರೆದವರು ಆ ಕೈವಾಡವನ್ನು ಕಲಿತದ್ದು ಎಲ್ಲಿ? ಗೋರಿಯಿಂದೆದ್ದ ಮಗಳು, ಅವಳನ್ನು ಕೊಲ್ಲಬೇಡ ಎನ್ನುವ ಪಾಪಿ ಅಪ್ಪ, ನಡುವೆ ಒಂದು ರಾತ್ರಿ ಕಾಯಬೇಕಾದ ಕೂಲಿಯವ. 1986ರ ಆ ಸ್ಪರ್ಧೆಯ ಕಥೆ ಓದಿದವನಿಗೆ ವೆಲೆನ್‌ನ ಹೊಸ್ತಿಲಲ್ಲಿ ಅದರ ನೆರಳು ಕಾಣುತ್ತದೆ. ಕಾಣದಿದ್ದರೂ ಕಥೆ ಕೆಡುವುದಿಲ್ಲ, ಕಂಡರೆ ಅದರ ಆಳ ಹೆಚ್ಚುತ್ತದೆ.

ಲೇಖಕರ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಇದರಲ್ಲಿ ಅತಿ ಹೆಚ್ಚು ಕಳೆದುಕೊಂಡವರು ಅವರೇ. ಆಟದ ಹಕ್ಕನ್ನು ಕೊಳ್ಳಲು ಬಂದವರು ಲಾಭದಲ್ಲಿ ಪಾಲು ಕೊಡುತ್ತೇವೆ ಎಂದಾಗ ಸಪ್ಕೋವ್ಸ್ಕಿ ಬೇಡವೆಂದರು. ಲಾಭ ಬರುತ್ತದೆ ಎಂಬ ನಂಬಿಕೆ ಅವರಿಗಿರಲಿಲ್ಲ, ಇಡುಗಂಟು ಈಗಲೇ ಕೊಡಿ ಎಂದರು. ಮುಂದೆ ಸಂದರ್ಶನಗಳಲ್ಲಿ ಆ ಮೂರ್ಖತನವನ್ನು ತಾವೇ ಒಪ್ಪಿಕೊಂಡರು. 2018ರಲ್ಲಿ ಅವರ ವಕೀಲರು ಕನಿಷ್ಠ 6 ಕೋಟಿ ಜ್ಲೋಟಿ ಕೇಳಿ ಪತ್ರ ಬರೆದರು, 2019ರ ಡಿಸೆಂಬರಿನಲ್ಲಿ ಹೊಸ ಒಪ್ಪಂದವಾಯಿತು. ದುಡ್ಡಿನ ಲೆಕ್ಕ ಅಲ್ಲಿಗೆ ಮುಗಿಯಿತು. ಇನ್ನೊಂದು ಸಂಕಟ ಮುಗಿಯಲಿಲ್ಲ. ಹೊರದೇಶದ ಪ್ರಕಾಶಕರು ಅವರ ಪುಸ್ತಕಗಳ ಮುಖಪುಟಕ್ಕೆ ಆಟದ ಚಿತ್ರ ಹಾಕಿದರು. ಕೊಂಡವರು ಇದು ಆಟ ನೋಡಿ ಬರೆದ ಪುಸ್ತಕ ಎಂದುಕೊಂಡರು. ತಾನು ಮೂವತ್ತು ವರ್ಷ ಹಿಂದೆ ಸೃಷ್ಟಿಸಿದ ಮನುಷ್ಯನ ನಕಲುಗಾರ ಎನ್ನಿಸಿಕೊಳ್ಳುವುದು ಯಾವ ಬರಹಗಾರನಿಗೂ ಸಣ್ಣ ಅವಮಾನವಲ್ಲ. ‘ಮೆಟ್ರೊ 2033’ ಬರೆದ ರಷ್ಯದ ದ್ಮಿತ್ರಿ ಗ್ಲುಖೋವ್‌ಸ್ಕಿ ಇದನ್ನು ಒಪ್ಪಲಿಲ್ಲ. ಅವರ ಕಾದಂಬರಿಯೂ ಆಟವಾಗಿ ಗೆದ್ದಿದೆ. ಆಟಗಳಿಲ್ಲದಿದ್ದರೆ ವಿಚರ್ ಪೂರ್ವ ಯುರೋಪಿನ ಆಚೆ ಹೋಗುತ್ತಿರಲಿಲ್ಲ ಎಂಬುದು ಅವರ ಎದುರುತ್ತರ. ಅದೂ ಸುಳ್ಳಲ್ಲ. ಓದುಗರು ಬಂದದ್ದು ಆಟದ ಬಾಗಿಲಿನಿಂದ, ಸಪ್ಕೋವ್ಸ್ಕಿಯ ಸಿಟ್ಟು ಬಂದವರ ಮೇಲಲ್ಲ, ಬಾಗಿಲಿಗೆ ಹಾಕಿದ ಫಲಕದ ಮೇಲೆ ಎಂದು ತಿಳಿದರೆ ಇಬ್ಬರ ಮಾತೂ ಸರಿ.

ಹಾಗಾದರೆ ರಾತ್ರಿ ಒಂದೂವರೆ ಗಂಟೆ ಮಾತ್ರ ಇರುವವರು ಮಾಡಬೇಕಾದ್ದೇನು? ಏಳು ಪುಸ್ತಕವನ್ನೂ ಮುಗಿಸಿ ಬಾ ಎಂದು ಯಾರೂ ಹೇಳಬೇಕಿಲ್ಲ. ‘ದಿ ಲಾಸ್ಟ್ ವಿಶ್’ ಓದಬೇಕು. ಒಂದು ವಾರದ ಪ್ರಯಾಣದಲ್ಲಿ, ಅಂಧೇರಿಯಿಂದ ಚರ್ಚ್‌ಗೇಟಿಗೆ ಹೋಗಿಬರುವಷ್ಟರಲ್ಲಿ ದಿನಕ್ಕೊಂದು ಕಥೆ ಮುಗಿಯುತ್ತದೆ. ರುಚಿ ಹತ್ತಿದರೆ ‘ಸ್ವೋರ್ಡ್ ಆಫ್ ಡೆಸ್ಟಿನಿ’. ಅಂಗಡಿಯಲ್ಲಿ ‘ಬ್ಲಡ್ ಆಫ್ ಎಲ್ವ್ಸ್’ ಮೇಲೆ ಒಂದನೇ ಕಾದಂಬರಿ ಎಂದು ಬರೆದಿರುವುದನ್ನು ನೋಡಿ ಅದನ್ನೇ ಮೊದಲು ಎತ್ತಿಕೊಳ್ಳುವ ತಪ್ಪು ಬಹಳ ಜನ ಮಾಡುತ್ತಾರೆ, ಅದೊಂದನ್ನು ತಪ್ಪಿಸಿದರೆ ಸಾಕು. ಆ ಎರಡು ಸಂಕಲನಗಳ ನಂತರ ನೇರವಾಗಿ ಮೂರನೇ ಆಟಕ್ಕೆ ಹೋಗಬಹುದು. ಮುಖ್ಯ ಕಥೆಗೇ ಸುಮಾರು 50 ಗಂಟೆ, ಉಪಕಥೆಗಳನ್ನೂ ಹಿಡಿದರೆ ಅದರ ಎರಡು ಪಟ್ಟಿಗೂ ಹೆಚ್ಚು. ಇಷ್ಟು ಸಮಯ ಕೊಡಲು ಹೊರಟವರಿಗೆ ಮೊದಲಿನ ಏಳೆಂಟು ಗಂಟೆ ಓದು ದುಬಾರಿಯಲ್ಲ.

ಮೊದಲ ಆಟವನ್ನು ಈಗ ಆಡುವುದು ಕಷ್ಟ. ಕತ್ತಿವರಸೆ ಎಂದರೆ ತಾಳಕ್ಕೆ ಸರಿಯಾಗಿ ಮೌಸ್ ಒತ್ತುವುದು. ಜೊತೆಗೆ ಮಲಗಿದ ಹೆಂಗಸರ ಚಿತ್ರವಿರುವ ಕಾರ್ಡುಗಳನ್ನು ಬಹುಮಾನವಾಗಿ ಕೊಡುವ ಅದರ ಹಳೆಯ ಚಾಳಿ ಇವತ್ತು ನಾಚಿಕೆ ತರಿಸುತ್ತದೆ. ಬಂದ ಹೊಸದರಲ್ಲಿ ಇಂಗ್ಲಿಷ್ ಸಂಭಾಷಣೆಯೂ ಅರ್ಧಂಬರ್ಧವಿತ್ತು, 2008ರ ಪರಿಷ್ಕೃತ ಆವೃತ್ತಿಗೆ ಮತ್ತೆ ಹೇಳಿಸಬೇಕಾಯಿತು. ಆದರೂ ಅದರಲ್ಲಿ ಒಂದು ವಿಶೇಷವಿದೆ: ಇಂದು ಮಾಡಿದ ಆಯ್ಕೆಯ ಫಲ ಹತ್ತಾರು ಗಂಟೆ ಕಳೆದ ಮೇಲೆ, ಹಿಂದಕ್ಕೆ ಹೋಗಿ ತಿದ್ದಲಾಗದಷ್ಟು ದೂರದಲ್ಲಿ ಎದುರಾಗುತ್ತದೆ. ಅದನ್ನು ಹೊಸದಾಗಿ ಕಟ್ಟುವ ಕೆಲಸ ನಡೆದಿದೆ ಎಂದು 2022ರಲ್ಲೇ ಪ್ರಕಟಿಸಿದ್ದಾರೆ, ಕಾಯಬಹುದು. 2011ರ ಎರಡನೇ ಆಟ ಚಿಕ್ಕದು, ರಾಜಕೀಯ ತುಂಬಿದ್ದು. ಕಾಡಿನಲ್ಲಿ ಬಂಡೆದ್ದ ಎಲ್ಫ್‌ಗಳ ನಾಯಕನ ಪಕ್ಷವೋ, ರಾಜನ ಗೂಢಚಾರ ದಳದ ಪಕ್ಷವೋ ಎಂಬ ಒಂದು ತೀರ್ಮಾನಕ್ಕೆ ಆಟದ ನಡುಭಾಗವೇ ಪೂರ್ತಿ ಬದಲಾಗುತ್ತದೆ. ಕೇರಿಗಳಿಗೆ ದೂಡಲಾದವರು, ಅವರ ಮೇಲೆ ನುಗ್ಗುವ ಗುಂಪುಗಳು ಸಪ್ಕೋವ್ಸ್ಕಿಯ ಪುಸ್ತಕಗಳ ತುಂಬ ಇವೆ. ಎರಡನೇ ಮಹಾಯುದ್ಧಕ್ಕೆ ಮುಂಚೆ ಲೋಡ್ಜ್ ನಗರದ ಜನರಲ್ಲಿ ಮೂರನೇ ಒಂದು ಭಾಗ ಯಹೂದಿಗಳಿದ್ದರು, ಯುದ್ಧದಲ್ಲಿ ಅವರನ್ನು ಕೂಡಿಹಾಕಿದ ಕೇರಿ ಅಲ್ಲೇ ಇತ್ತು ಎಂದು ತಿಳಿದು ಓದಿದರೆ ಆ ಪುಟಗಳು ರಮ್ಯ ಕಥೆಯಾಗಿ ಉಳಿಯುವುದಿಲ್ಲ. ಸಮಯವಿದ್ದವರು ಈ ಎರಡನೆಯದನ್ನು ಬಿಡಬಾರದು. ಬಿಟ್ಟರೂ ಮೂರನೆಯದು ಆರಂಭದಲ್ಲೇ ಒಬ್ಬ ಸೇನಾನಿಯ ವಿಚಾರಣೆಯ ನೆಪದಲ್ಲಿ ಹಿಂದಿನ ಆಟದಲ್ಲಿ ಏನೇನು ಮಾಡಿದಿರಿ ಎಂದು ಕೇಳಿಕೊಳ್ಳುತ್ತದೆ, ಬಾಯಿಗೆ ಬಂದದ್ದು ಹೇಳಿ ದಾಟಬಹುದು. ನೆಟ್‌ಫ್ಲಿಕ್ಸ್ ಸರಣಿಯಿಂದ ಮಾತ್ರ ಆರಂಭಿಸಬಾರದು. ಮೊದಲ ಕಂತುಗಳಲ್ಲೇ ಮೂರು ಕಾಲಗಳನ್ನು ಕಲಸಿಟ್ಟ ಅದು ಓದಿದವರಿಗೇ ತಲೆ ತಿರುಗಿಸಿತ್ತು.

2024ರ ಡಿಸೆಂಬರಿನಲ್ಲಿ ನಾಲ್ಕನೇ ವಿಚರ್ ಬರುತ್ತಿದೆ ಎಂದು ಪ್ರಕಟವಾಯಿತು. ಈ ಸಲ ಕತ್ತಿ ಹಿಡಿದವನು ಗೆರಾಲ್ಟ್ ಅಲ್ಲ, ಸಿರಿ. ಹೆಣ್ಣನ್ನು ಏಕೆ ನಾಯಕಿ ಮಾಡಿದಿರಿ ಎಂದು ಕೆಲವರು ಕೂಗೆಬ್ಬಿಸಿದರು. ಐದು ಕಾದಂಬರಿಗಳು ಮೊದಲಿಂದ ಕೊನೆಯವರೆಗೆ ಅವಳ ಸುತ್ತಲೇ ತಿರುಗುತ್ತವೆ ಎಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ.